ಸೀಟಿನ ಹಿಂದಿನ ಚೀಲ

ಮಾರ್ಚ್ 5, ಬುಧವಾರ

ಪುಟ್ಟೀ,

ನಮ್ಮ ಕಂಪನಿಯ ಧಣಿ, ಅಂದರೆ ನಿನ್ನ ಮಾವ, ಹೇಳುವುದರಲ್ಲೂ ಅರ್ಥವಿದೆ ಎಂದು ಒಪ್ಪಿಕೊಂಡೆ. ಪೂರ್ತಿ ಅಲ್ಲ, ಮುಕ್ಕಾಲು. ಹೊಸ ವಿಮಾನ ತಂದವನು ಕಂತು ಕಟ್ಟುವುದಕ್ಕಾಗಿಯೇ ಅದನ್ನು ಬೆಳಗಿನಿಂದ ಸಂಜೆವರೆಗೆ ಓಡಿಸಬೇಕು. ಸೀಟು ತುಂಬದ ಊರಿನ ಕಡೆ ತಲೆ ಹಾಕಿಯೂ ಮಲಗುವ ಹಾಗಿಲ್ಲ. ನಮ್ಮವು ಸೈನ್ಯದವರು ಸಾಕಪ್ಪಾ ಸಾಕು ಎಂದು ಹರಾಜಿಗಿಟ್ಟವು. ಮೂಲೆಯಲ್ಲಿ ನಿಂತರೂ ಯಾರೂ ಬಂದು ಬಾಗಿಲು ಬಡಿಯುವುದಿಲ್ಲ. “ಹೊಸದು ನಿಂತ್ರೂ ತಿನ್ನುತ್ತೆ ಭಾವ, ಹಳೇದು ಹಾರಿದ್ರೆ ಮಾತ್ರ ತಿನ್ನುತ್ತೆ” ಎಂದ. ಇಪ್ಪತ್ತೆರಡು ವರ್ಷದಿಂದ ಇದೇ ಮಾತು ಹೇಳುತ್ತಿದ್ದಾನೆ, ಪ್ರತಿ ಸಲವೂ ಈಗ ತಾನೇ ಹೊಳೆದ ಹಾಗೆ. ನಾನೇನು ಕಮ್ಮಿಯೇ, ಕಾಲೇಜಿನಲ್ಲಿ ಒಂದೂವರೆ ವರ್ಷ ಇಂಗ್ಲಿಷ್ ಕೇಳಿದವನು. “ನೆಸೆಸಿಟಿ ಈಸ್ ದ ಮದರ್ ಆಫ್...” ಎಂದು ಶುರು ಮಾಡಿದೆ. ಮುಂದಿನದು ಬರಲಿಲ್ಲ. ಮದರ್ ಆಫ್ ಏನೋ ಒಂದು. ಅಷ್ಟರಲ್ಲಿ ಅವನು ಎದ್ದು ಹೋಗಿದ್ದ. ನಿನಗೆ ಗೊತ್ತಿದ್ದರೆ ಬರೆ.

ಮದರ್ ಎಂದಾಗ ನೆನಪಾಯಿತು. ಮೊನ್ನೆ ಒಬ್ಬ ಪತ್ರಿಕೆಯವನು ಬಂದಿದ್ದ, ಇಷ್ಟು ಸಣ್ಣ ಕಂಪನಿ ಇಷ್ಟು ವರ್ಷ ಹೇಗೆ ಬದುಕಿದೆ ಎಂದು ಬರೆಯಲು. “ಬೋರ್ಡಿನ ಮೇಲೆ ಮೂರು ವಿಮಾನ ಅಂತಿದೆ, ಹಾರೋದು ಎರಡೇ ಅಲ್ವಾ?” ಎಂದ. “ಮೂರೂ ಹಾರ್ತವೆ. ಮೂರನೇದು ಬಿಡಿಬಿಡಿಯಾಗಿ ಹಾರುತ್ತೆ” ಎಂದೆ. ಸ್ಟೋರಿನ ಬಾಗಿಲಲ್ಲಿ ನಿಂತಿದ್ದ ಕೀಲಿಯಮ್ಮ ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡಳು. ಅವನಿಗೆ ಅರ್ಥವಾಗಲಿಲ್ಲ. ಹ್ಯಾಂಗರಿನ ಹಿಂಬದಿಗೆ ಕರೆದುಕೊಂಡು ಹೋಗಿ ಆ ಮೂರನೆಯದನ್ನು, ತಾಯಿಯನ್ನು, ತೋರಿಸಿದೆ. ಹಾರುವ ಇಬ್ಬರಲ್ಲಿ ದೊಡ್ಡವಳಿಗೆ ಚಕ್ರ ಬೇಕೆಂದರೆ ಇವಳಿಂದ, ಚಿಕ್ಕವಳಿಗೆ ಪಂಪು ಬೇಕೆಂದರೆ ಇವಳಿಂದ. ಕೊಟ್ಟು ಕೊಟ್ಟು ಈಗ ಅವಳಲ್ಲಿ ಉಳಿದಿರುವುದು ಮೈ, ಮೂಗು ಮತ್ತು ಎರಡು ಸೀಟು. ಅವನು ಟೋಪಿ ತೆಗೆದು ನಿಂತ, ಪಾಪ, ಸಾವಿನ ಮನೆಗೆ ಬಂದವನ ಹಾಗೆ.

ಗುರುವಾರ ಗುರುವಾರ ಒಬ್ಬಳು ಹೋಗುತ್ತಾಳೆ, ಒಬ್ಬಳು ಬರುತ್ತಾಳೆ, ಮೀಸೆ ಕ್ಯಾಪ್ಟನ್ ಒಬ್ಬಳನ್ನು ಗುಡ್ಡದೂರಿಗೆ ಮುಟ್ಟಿಸಿ ದಣಿದವಳನ್ನು ವಾಪಸು ತರುತ್ತಾನೆ, ಅಲ್ಲಿಂದ ಮುಂದಿನ ಕಣಿವೆಗಳಿಗೆ ವಾರವೆಲ್ಲ ಓಡಿಸುವವಳು ನನ್ನ ಮಗಳು ಎಂದು ಹೇಳಿದೆ. ಇಲ್ಲಿಂದ ಹೊರಡುವ ಮುಂಚೆ, ಹಾರಲು ಅಡ್ಡಿಯಿಲ್ಲ ಎಂಬ ಕಾರ್ಡಿಗೆ ಸಹಿ ಹಾಕುವವನು ನಾನು ಎಂದೂ ಹೇಳಿದೆ. ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. “ನಿಮ್ಮ ಮಗಳು ಕೂರೋ ವಿಮಾನಕ್ಕೆ ನೀವೇ ಸಹಿ ಹಾಕೋದಾ? ಭಯ ಆಗಲ್ವಾ?”

“ಬೇರೆಯೋರು ಹಾಕಿದ್ರೆ ಭಯ ಆಗ್ತಿತ್ತು” ಎಂದೆ. ಅದನ್ನು ಬರೆದುಕೊಂಡ. ಅಚ್ಚಾದರೆ ಕತ್ತರಿಸಿ ಕಳಿಸುತ್ತೇನೆ.

ಇನ್ನೇನೋ ಬರೆಯುವುದಿತ್ತು, ಮರೆತೆ. ನಿನ್ನಮ್ಮ ಇದ್ದಿದ್ದರೆ ನೆನಪಿಸುತ್ತಿದ್ದಳು, ಅಥವಾ ಅದು ಬರೆಯುವಂಥದ್ದಲ್ಲ ಎನ್ನುತ್ತಿದ್ದಳು. ಬೆಳಕು ಹೋಗುತ್ತಿದೆ. ಎಂದಿನ ಹಾಗೆ ಸೀಟಿನ ಹಿಂದಿನ ಚೀಲದಲ್ಲಿ ಇಟ್ಟಿರುತ್ತೇನೆ.

ಇಂತಿ,
ನಿನ್ನ ಅಪ್ಪ


ಮಾರ್ಚ್ 19, ಬುಧವಾರ

ಅಪ್ಪ,

ಇನ್ವೆನ್ಶನ್. ಮದರ್ ಆಫ್ ಇನ್ವೆನ್ಶನ್. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಲೂ ನೀವು ಅಲ್ಲಿಗೇ ನಿಲ್ಲಿಸುತ್ತಿದ್ದಿರಿ, ಅಮ್ಮ ಅಡುಗೆಮನೆಯಿಂದ ಪೂರ್ತಿ ಮಾಡುತ್ತಿದ್ದಳು.

ಫೋನು ಮಾಡುತ್ತಿಲ್ಲವೆಂದು ಬೇಸರ ಬೇಡ. ಇಲ್ಲಿರುವುದು ಹವಾಮಾನದವರ ಫೋನು ಒಂದೇ. ಅದರಲ್ಲಿ ಮಾತಾಡಿದರೆ ಸಂಜೆಯೊಳಗೆ ಸಂತೆಯಲ್ಲೆಲ್ಲ ನಿಮ್ಮ ಮಂಡಿನೋವಿನ ವಿಚಾರಣೆ ಶುರುವಾಗುತ್ತದೆ.

ಕಣಿವೆಯ ಮೈದಾನದಲ್ಲಿ ಒಂದು ಮೇಕೆ ನನಗೆ ಗಂಟುಬಿದ್ದಿದೆ. ಇಳಿಯುವಾಗ ಸರಿಯಾಗಿ ನಡುವೆ ಬಂದು ನಿಲ್ಲುತ್ತದೆ. ಒಂದು ಸುತ್ತು ಮೇಲೆ ಹೊಡೆದು ಹೆದರಿಸಿದ ಮೇಲೇ ಜಾಗ ಬಿಡುವುದು. ಮೇಕೆಯವನನ್ನು ಬೈದರೆ, “ಕ್ಯಾಪ್ಟನಮ್ಮಾ, ಅದಕ್ಕೆ ನೀವು ಬಂದ್ರೆ ಇಷ್ಟ, ಇನ್ನೊಬ್ರಿಗೆ ಅದು ಎದ್ದೂ ಬರಲ್ಲ” ಎನ್ನುತ್ತಾನೆ. ಇನ್ನೊಬ್ಬರು ಯಾರಿದ್ದಾರೆ ಇಲ್ಲಿ?

ಒಂದು ಮಾತು ಕೇಳಲೇ? ನಿಮ್ಮ ಸಾಲುಗಳು ಬಲಗಡೆ ಹತ್ತುತ್ತಾ ಹೋಗಿ ಒಂದರ ಮೇಲೊಂದು ಕೂತಿವೆ. ಕೊನೆಯ ಎರಡು ಸಾಲು ಓದಲು ಕಾಗದವನ್ನು ಕಿಟಕಿಗೆ ಹಿಡಿಯಬೇಕಾಯಿತು. ಕಣ್ಣು ತೋರಿಸಿ ಎಷ್ಟು ದಿನವಾಯಿತು?

ನಿಮ್ಮ
ಪುಟ್ಟಿ


ಏಪ್ರಿಲ್ 2, ಬುಧವಾರ

ಪುಟ್ಟೀ,

ಕಣ್ಣಿಗೆ ಏನೂ ಆಗಿಲ್ಲ. ಕನ್ನಡಕ ಹಳತು, ಮೂಗೂ ಹಳತು, ಎರಡಕ್ಕೂ ಹೊಂದಾಣಿಕೆ ಇಲ್ಲ. ನೋಡು, ಈ ಪತ್ರದ ಸಾಲು ಎಷ್ಟು ನೆಟ್ಟಗಿದೆ! ಮನಸ್ಸಿಟ್ಟು ಬರೆದರೆ ಆಗುತ್ತದೆ.

ಪತ್ರಿಕೆಯವನು ನನ್ನ ಮಾತನ್ನು ಅಚ್ಚು ಹಾಕಿಸಿದ್ದಾನೆ. ‘ಹಿರಿಯ ಮೆಕ್ಯಾನಿಕ್ ನಗುತ್ತ ಹೇಳಿದರು’ ಎಂದು ಬರೆದಿದ್ದಾನೆ. ನಾನು ನಕ್ಕಿರಲಿಲ್ಲ. ನಿನ್ನ ಮಾವ ಅದನ್ನು ಗಾಜು ಹಾಕಿಸಿ ಟಿಕೆಟ್ ಕೌಂಟರಿನ ಮೇಲೆ ತೂಗುಹಾಕಿದ್ದಾನೆ.

ಮೌನಿಯ ಲೈಸೆನ್ಸಿನ ಪರೀಕ್ಷೆ ಈ ವರ್ಷವೂ ಇಲ್ಲ. ಇಲಾಖೆಗೆ ಮೂರನೇ ಸಲ ಬರೆದೆವು. ‘ಸದರಿ ಮಾದರಿಯ ವಿಮಾನಕ್ಕೆ ಪರೀಕ್ಷೆ ನಡೆಸುವ ವ್ಯವಸ್ಥೆಯನ್ನು ನಿಲ್ಲಿಸಲಾಗಿದೆ’ ಎಂದು ಉತ್ತರ ಬಂತು. ಹತ್ತೊಂಬತ್ತು ವರ್ಷ ನನ್ನ ಪಕ್ಕದಲ್ಲಿ ನಿಂತು ಕೆಲಸ ಕಲಿತವನು, ಇಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುತ್ತಾನೆ, ಸಹಿ ಮಾತ್ರ ಹಾಕುವ ಹಾಗಿಲ್ಲ. ಕಾಗದ ಓದಿ ಮಡಿಸಿ ಜೇಬಿಗಿಟ್ಟುಕೊಂಡ. ಹೀಗಾಗಿ ಈ ಮಾದರಿಯ ಕೊನೆಯ ಲೈಸೆನ್ಸು ನಾನೇ. ವಿಮಾನದ ಬಿಡಿಭಾಗವಾದರೂ ತಾಯಿಯಿಂದ ಕಳಚಬಹುದು. ನನ್ನ ಬಿಡಿಭಾಗ ಎಲ್ಲಿ ಹುಡುಕುತ್ತಾರೋ.

ಮೇಕೆಗೆ ಹೆಸರಿಟ್ಟೆಯಾ?

ಇಂತಿ,
ಅಪ್ಪ


ಏಪ್ರಿಲ್ 23, ಬುಧವಾರ

ಅಪ್ಪ,

ಏಳನೇ ಕ್ಲಾಸಿನಿಂದ ನಿಮ್ಮ ಅಕ್ಷರ ನೋಡುತ್ತಿದ್ದೇನೆ, ಒಂದು ದಿನವೂ ಗೆರೆಯ ಮೇಲೆ ಕೂತದ್ದಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಸ್ಕೇಲು ಇಟ್ಟ ಹಾಗಿದೆ. ಸೊಟ್ಟಗಿದ್ದಾಗ ಅರ್ಧ ಹೆದರಿದ್ದೆ, ನೆಟ್ಟಗಾದ ಮೇಲೆ ಪೂರ್ತಿ ಹೆದರಿದೆ.

ಮೇಕೆಗೆ ಹೆಸರಿಟ್ಟಿಲ್ಲ. ಇಟ್ಟರೆ ಮನೆಯವರ ಲೆಕ್ಕಕ್ಕೆ ಸೇರುತ್ತದೆ.

ಈಗ ನಿಜವಾದ ವಿಷಯ. ಕಳೆದ ಶುಕ್ರವಾರ ಬೆಳಿಗ್ಗೆ ಚಿಕ್ಕವಳನ್ನು ಹೊರಡಿಸುವ ಮುಂಚೆ ಸುತ್ತ ನೋಡುತ್ತ ಬಂದೆ. ಎಡಗಡೆ ಇಂಜಿನ್ನಿನ ಎಣ್ಣೆ ಫಿಲ್ಟರಿನ ಬೋಲ್ಟಿನ ಮೇಲೆ ಬೆರಳಿಟ್ಟೆ. ಕಣ್ಣು ಮೋಸ ಹೋಗುತ್ತೆ, ಬೆರಳು ಹೋಗಲ್ಲ ಎಂದು ನೀವೇ ಕಲಿಸಿದ್ದು. ಲಾಕ್ ವೈರ್ ಉಲ್ಟಾ ಕಟ್ಟಿತ್ತು, ಅಪ್ಪ. ಬೋಲ್ಟು ಸಡಿಲವಾಗಲು ತಿರುಗಿದರೆ ತಂತಿ ಹಿಂದಕ್ಕೆ ಹಿಡಿದೆಳೆಯಬೇಕು. ಇದು ಬೋಲ್ಟಿನ ಜೊತೆಗೇ ತಿರುಗುವ ಹಾಗೆ ಸುತ್ತಿತ್ತು. ಬೇರೆ ಯಾರೋ ಕಟ್ಟಿದ್ದು ಎಂದುಕೊಳ್ಳಲು ನೋಡಿದೆ. ಆಗಲಿಲ್ಲ. ಹೊಸೆತ ನಿಮ್ಮದು, ಅಂಗುಲಕ್ಕೆ ಎಂಟು, ಯಾರ ಕೈಗೂ ಚುಚ್ಚದ ಹಾಗೆ ತುದಿ ಒಳಕ್ಕೆ ಮಡಿಸಿದ್ದು. ಬೋಲ್ಟು ಆಗಲೇ ಬೆರಳಿಗೆ ಅಲುಗುತ್ತಿತ್ತು. ಇನ್ನೊಂದೆರಡು ಹಾರಾಟವಾಗಿದ್ದರೆ ಎಣ್ಣೆಯೆಲ್ಲ ಗುಡ್ಡದ ಮೇಲೆ ಸುರಿದಿರುತ್ತಿತ್ತು.

ಹದಿನಾಲ್ಕು ಜನ ಬೆಂಚಿನ ಮೇಲೆ ಕೂತಿದ್ದರು. ಕಣಿವೆಯಲ್ಲಿ ಮರ ಬಿದ್ದು ಸೊಂಟ ಮುರಿದವನೊಬ್ಬ ನಮಗಾಗಿ ಕಾಯುತ್ತಿದ್ದ. ಬೋಲ್ಟು ಬಿಗಿಮಾಡಿ, ಹನ್ನೆರಡನೇ ವಯಸ್ಸಿನಲ್ಲಿ ನೀವು ಕಲಿಸಿದ ಹಾಗೆ ಹೊಸ ತಂತಿ ಕಟ್ಟಿದೆ. ಪೈಲಟ್ ಆದವಳು ಅದನ್ನು ಮುಟ್ಟುವ ಹಾಗಿಲ್ಲ, ಗೊತ್ತು. ವಿಮಾನದ ದಾಖಲೆ ಪುಸ್ತಕದಲ್ಲಿ ಬರೆಯಬೇಕಿತ್ತು, ಅದೂ ಗೊತ್ತು. ಬರೆದರೆ ನಿಮ್ಮ ಲೈಸೆನ್ಸು ಹೋಗುತ್ತದೆ. ಬರೆಯಲಿಲ್ಲ. ಹಾರಿಸಿದೆ.

ಅಪ್ಪ, ನಿಮಗೆ ಕಣ್ಣು ಕಾಣುತ್ತಿದೆಯಾ? ಇದಕ್ಕೊಂದು ಉತ್ತರ ಬರೆಯಿರಿ, ತಮಾಷೆ ಬೇಡ.

ಮಂಚದ ಕೆಳಗೆ ನನ್ನ ಹಳೆಯ ಬೂಟುಗಳಿವೆ, ಕಳಿಸಿ. ಇಲ್ಲಿ ಕೆಸರು.

ಪುಟ್ಟಿ


ಏಪ್ರಿಲ್ 30, ಬುಧವಾರ

ಪುಟ್ಟೀ,

ಬೂಟು ಸಿಕ್ಕಿತು, ಮಂಚದ ಕೆಳಗೆ ಅಲ್ಲ, ಬಚ್ಚಲಮನೆಯ ಅಟ್ಟದಲ್ಲಿ. ಬಲಗಾಲಿನದರಲ್ಲಿ ಜೇಡ ಸಂಸಾರ ಹೂಡಿತ್ತು, ಎಬ್ಬಿಸಿ ಕಳಿಸಿದ್ದೇನೆ. ಮೇಕೆಯ ವಿಷಯದಲ್ಲಿ ನೀನು ಹೇಳಿದ್ದು ಸರಿ. ಹೆಸರಿಡುವುದು ಅಪಾಯದ ಕೆಲಸ. ದೊಡ್ಡವಳು ಚಿಕ್ಕವಳು ಎಂದು ಕರೆದೇ ನಾವು ಕೆಟ್ಟೆವು. ನಂಬರಿನಿಂದ ಕರೆದಿದ್ದರೆ ಎಂದೋ ತೂಕಕ್ಕೆ ಹಾಕುತ್ತಿದ್ದೆವು.

ನನ್ನ ಅಕ್ಷರ ನೆಟ್ಟಗಾದದ್ದಕ್ಕೂ ಆಕ್ಷೇಪಣೆಯೇ? ಅತ್ತರೂ ಕಷ್ಟ, ನಕ್ಕರೂ ಕಷ್ಟ.

ಈ ವಾರ ನಿನ್ನ ಪತ್ರ ಸಣ್ಣದಾಗಿತ್ತು. ಕೆಲಸ ಜಾಸ್ತಿಯಾ? ಸರಿಯಾಗಿ ಊಟ ಮಾಡು. ದೊಡ್ಡವಳ ಬಲಗಡೆ ಬ್ರೇಕು ಸ್ವಲ್ಪ ಮೊಂಡಾಟ ಮಾಡುತ್ತಿತ್ತು ಎಂದು ಮೀಸೆ ಕ್ಯಾಪ್ಟನ್ ಹೇಳಿದ. ವಾಪಸು ಬಂದಾಗ ನೋಡುತ್ತೇನೆ. ಎ ಸ್ಟಿಚ್ ಇನ್ ಟೈಮ್ ಸೇವ್ಸ್ ಸೆವೆನ್ನೋ ನೈನೋ, ಅಂತೂ ಕೆಲವನ್ನು ಉಳಿಸುತ್ತದೆ.

ಇಂತಿ,
ಅಪ್ಪ


ಮೇ 7, ಬುಧವಾರ

ಅಪ್ಪ,

ಬೂಟು ತಲುಪಿತು. ಚಿಕ್ಕವಳ ಲಾಕ್ ವೈರ್ ಉಲ್ಟಾ ಇದ್ದದ್ದು, ನಾನೇ ಬಿಚ್ಚಿ ಕಟ್ಟಿದ್ದು, ಎಲ್ಲ ಬರೆದು ನಿಮ್ಮನ್ನೊಂದು ಪ್ರಶ್ನೆ ಕೇಳಿದ್ದೆ. ನೀವು ಜೇಡದ ಬಗ್ಗೆ ಬರೆದಿರಿ. ನೀವು ಹೇಡಿಯಲ್ಲ, ಹಾಗಾದರೆ ಇದು ಏನು?

ಪುಟ್ಟಿ


ಮೇ 14, ಬುಧವಾರ

ಮಗಳೇ,

ನಾಲ್ಕು ಸಾಲಿನ ಪತ್ರ. ಅದರಲ್ಲಿ ಹಾರಿಸಿ ಓದಲು ಜಾಗವಿರಲಿಲ್ಲ. ಹಾಗಾಗಿ ಕೀಲಿಯಮ್ಮ ಪೂರ್ತಿ ಓದಲೇಬೇಕಾಯಿತು.

ಹೌದು, ಬಹಳ ಕಾಲದಿಂದ ನಿನ್ನ ಪತ್ರಗಳನ್ನು ನಾನು ಓದುತ್ತಿಲ್ಲ, ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ಗುರುವಾರ ಮಧ್ಯಾಹ್ನ, ಸ್ಟೋರಿನಲ್ಲಿ, ಅವಳ ಟೀ ಲೋಟ ಒಂದು ಕಡೆ ನನ್ನದು ಒಂದು ಕಡೆ. ಸಾಲು ನೆಟ್ಟಗೆ ಬರಲಿ ಎಂದು ರಟ್ಟಿನಲ್ಲಿ ಉದ್ದಕ್ಕೆ ಕಿಂಡಿ ಕೊರೆದು ಕೊಟ್ಟವಳೂ ಅವಳೇ. ಕಿಂಡಿಯೊಳಗೆ ಬರೆಯುತ್ತೇನೆ, ಒಂದು ಸಾಲು ಮುಗಿದರೆ ರಟ್ಟನ್ನು ಕೆಳಕ್ಕೆ ಸರಿಸುತ್ತೇನೆ. ನಿನ್ನನ್ನು ಹೆದರಿಸಿದ್ದು ಆ ರಟ್ಟು.

ಡಾಕ್ಟರಿಗೆ ತೋರಿಸಿ ಹದಿನಾಲ್ಕು ತಿಂಗಳಾಯಿತು. ಕಣ್ಣಿನ ಹಿಂದಿನ ಪೊರೆಯ ನಡುಭಾಗ ಸವೆದಿದೆಯಂತೆ. ಆಪರೇಶನ್ನಿಗೆ ಬರುವಂಥದ್ದಲ್ಲ. “ನನ್ನ ಮಾಡೆಲ್ಲಿಗೆ ಸ್ಪೇರ್ ಬರಲ್ಲ ಅಂತ ತಾನೇ?” ಎಂದೆ. ಅವರು ನಗಲಿಲ್ಲ. ನೇರ ನೋಡಿದ್ದು ಕಾಣುವುದಿಲ್ಲ, ಪಕ್ಕದ್ದು ಕಾಣುತ್ತದೆ. ನಿನ್ನ ಫೋಟೋ ನೋಡಬೇಕೆಂದರೆ ಗಡಿಯಾರದ ಕಡೆ ನೋಡಬೇಕು, ಆಗ ಅಂಚಿನಲ್ಲಿ ನೀನು ಕಾಣುತ್ತೀ. ಬೋಲ್ಟಿನ ತೂತು ಹುಡುಕಲು ರೆಕ್ಕೆಯ ಕಡೆ ನೋಡಬೇಕು. ಹೀಗೆ ನೋಡಿ ನೋಡಿ ತಂತಿ ಕಟ್ಟಿದೆ. ಬೆರಳು ಇದೆ, ಬೆರಳು ಮೋಸ ಹೋಗಲ್ಲ ಎಂಬ ಜಂಬ. ಹೊಸೆತವನ್ನು ಬೆರಳು ಎಣಿಸಿತು, ಎಂಟು ಬಂತು, ಸಮಾಧಾನವಾಯಿತು. ಯಾವ ಕಡೆಯಿಂದ ಸುತ್ತಿದೆ ಎಂದು ಬೆರಳಿಗೆ ಕೇಳಲೇ ಇಲ್ಲ.

ಕೀಲಿಯಮ್ಮ ನಾಲ್ಕು ಸಾಲು ಓದಿ ಮುಗಿಸಿದಳು. “ಯಾವ ವೈರು?” ಎಂದೆ. ಬೀಗದ ಗೊಂಚಲು ಮೇಜಿನ ಮೇಲಿಟ್ಟ ಸದ್ದು ಕೇಳಿತು. ಸೊಂಟದಿಂದ ಅವಳು ಅದನ್ನು ಎಂದೂ ತೆಗೆದವಳಲ್ಲ.

“ಹೋದ ಸಲ ನಾನು ಆ ಭಾಗ ಓದ್ಲಿಲ್ಲ ಮೇಷ್ಟ್ರೇ.”

“ಯಾಕೆ?”

“ಓದಿದ್ರೆ ನೀವು ಅವತ್ತೇ ಪೆನ್ನು ಕೆಳಗಿಡ್ತಿದ್ರಿ. ನಿಮ್ಮ ಪೆನ್ನು ಕೆಳಗಿಟ್ರೆ ನಲವತ್ತು ಜನದ ಊಟದ ತಟ್ಟೆ ಕೆಳಗಿಟ್ಟ ಹಾಗೆ. ನಂಗೆ ರಿಟೈರ್ ಆಗೋಕೆ ಇನ್ನೂ ನಾಲ್ಕು ವರ್ಷ ಇದೆ. ನನ್ನ ಗಂಡ ಹಾಸಿಗೆ ಬಿಟ್ಟು ಏಳಲ್ಲ, ನಿಮಗೆ ಗೊತ್ತು.”

“ಕೂರೋದು ನನ್ನ ಮಗಳು ಕಣಮ್ಮ.”

“ಗೊತ್ತು. ಅದಕ್ಕೇ ಎರಡು ವಾರದಿಂದ ನನಗೆ ಅನ್ನ ಇಳಿದಿಲ್ಲ” ಎಂದಳು. ಆಮೇಲೆ ಮಡಿಸಿ ಇಟ್ಟಿದ್ದ ನಿನ್ನ ಹಳೆಯ ಪತ್ರವನ್ನು ತಂದು ಪೂರ್ತಿ ಓದಿದಳು. ಬೈಯಬೇಕೆಂದು ಬಾಯಿ ತೆರೆದೆ. ಏನೆಂದು ಬೈಯಲಿ? ನಾನು ಹದಿನಾಲ್ಕು ತಿಂಗಳು ಹಾರಿಸಿ ಓದಿಲ್ಲವೇ?

ನಿನ್ನ ಮಾವನ ಕೋಣೆಗೆ ಹೋದೆ. ಲೈಸೆನ್ಸಿನ ಪುಸ್ತಕ ಅವನ ಮೇಜಿನ ಮೇಲಿಟ್ಟೆ. “ನನಗೆ ಕಾಣಲ್ಲ ಮಾರಾಯ” ಎಂದೆ. ಅವನು ಗಾಬರಿಯಾಗಲಿಲ್ಲ. ಎದ್ದು ಬಾಗಿಲು ಹಾಕಿಕೊಂಡು ಬಂದ.

“ಹೋದ ವರ್ಷ ನೀವು ನನಗೆ ಎರಡು ಸಲ ನಮಸ್ಕಾರ ಅಂದ್ರಿ ಭಾವ, ಯಾರೋ ಹೊರಗಿನೋರು ಅಂದ್ಕೊಂಡು. ಆವತ್ತೇ ಗೊತ್ತಾಯ್ತು.”

“ಗೊತ್ತಿದ್ದೂ ಸುಮ್ನಿದ್ಯಾ?”

“ನೀವೂ ಸುಮ್ನಿದ್ರಲ್ಲ. ಮರ್ಯಾದೆ ಕೊಟ್ಟೆ ಅಂದ್ಕೊಂಡೆ.” ಪುಸ್ತಕವನ್ನು ನನ್ನ ಕಡೆಗೇ ತಳ್ಳಿದ. “ನೀವು ನೋಡ್ಬೇಡಿ. ನೋಡೋಕೆ ಮೌನಿ ಇದ್ದಾನೆ. ನೀವು ಸಹಿ ಹಾಕಿ ಸಾಕು. ನಿಮ್ಮ ಸಹಿ ನನಗೂ ಬರುತ್ತೆ ಬಿಡಿ, ಆದ್ರೂ ಒರಿಜಿನಲ್ ಒರಿಜಿನಲ್ಲೇ.” ನಗಿಸಲು ಹೇಳಿದ್ದು. ಸಣ್ಣವನಿದ್ದಾಗ ಸ್ಕೂಲಿನ ರಜಾಚೀಟಿಗೆ ನನ್ನ ಸಹಿ ಹಾಕುತ್ತಿದ್ದವನು ತಾನೇ. ಬಾಗಿಲ ತನಕ ಬಂದು ತಗ್ಗಿದ ದನಿಯಲ್ಲಿ, “ನಿಲ್ಲಿಸಿದ್ರೆ ಮತ್ತೆ ಶುರು ಆಗಲ್ಲ ಭಾವ. ಹಳೇ ಇಂಜಿನ್ನೂ ಅಷ್ಟೇ, ಹಳೇ ಕಂಪನೀನೂ ಅಷ್ಟೇ. ಪುಟ್ಟಿಗೆ ನಲವತ್ತೆರಡು. ಈ ಮಾಡೆಲ್ ಬಿಟ್ಟು ಬೇರೆ ಹಾರಿಸಿಲ್ಲ. ಯಾರು ಕರೀತಾರೆ?” ಎಂದ. ಅವನ ಕಣ್ಣಲ್ಲಿ ನೀರಿತ್ತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು.

ಇವತ್ತು ಮೌನಿ ಚಿಕ್ಕವಳನ್ನು ಎರಡು ಸಲ ಸುತ್ತಿದ. ಒಂದೊಂದೇ ತಂತಿಯ ಮೇಲೆ ನನ್ನ ಬೆರಳಿಟ್ಟು ಯಾವ ಕಡೆ ಎಂದು ಕೇಳಿದ, ನಾನು ಹೇಳಿದೆ, ಅವನು ಹೂಂ ಎಂದ. ಆಮೇಲೆ ಕಾರ್ಡಿನ ಮೇಲೆ ಸಹಿಯ ಜಾಗಕ್ಕೆ ನನ್ನ ಕೈ ಹಿಡಿದು ಇಟ್ಟ. ಹಾಕಿದೆ. ಬೇಡ ಎನ್ನುವ ಬಾಯಿ ಇತ್ತು, ಕೈ ಕೇಳಲಿಲ್ಲ.

ನೀನು ಆ ತಂತಿಯನ್ನು ಮುಟ್ಟಬಾರದಿತ್ತು. ಚೆನ್ನಾಗಿ ಕಟ್ಟಿದ್ದೀ.

ಅಪ್ಪ


ಮೇ 28, ಬುಧವಾರ

ಅಪ್ಪ,

ಎರಡು ವಾರ ಬರೆಯಲಾಗಲಿಲ್ಲ. ಪ್ರತಿ ಸಲ ಕೂತಾಗಲೂ ಕೀಲಿಯಮ್ಮನ ದನಿಯಲ್ಲೇ ಬರೆಯುತ್ತಿದ್ದೇನೆ ಎನಿಸುತ್ತದೆ. ಕೀಲಿಯಮ್ಮ, ಇದನ್ನು ಓದುತ್ತಿದ್ದೀರಲ್ಲ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹಾರಿಸದೆ ಓದಿ, ಅಷ್ಟೇ.

ಸಿಟ್ಟು ಮಾಡುವ ಹಕ್ಕು ನನಗೂ ಇಲ್ಲ. ಸೊಂಟ ಮುರಿದವನು ಬದುಕಿದ. ಅವನ ಹೆಂಡತಿ ಒಂದು ಕುಂಬಳಕಾಯಿ ತಂದುಕೊಟ್ಟು, “ನೀವು ಬರದೇ ಇದ್ದಿದ್ರೆ?” ಎಂದಳು. ಬಂದದ್ದು ತಪ್ಪು ಎಂದು ಅವಳಿಗೆ ಹೇಗೆ ಹೇಳಲಿ? ನಾವು ನಿಂತರೆ ಆ ಕಣಿವೆಗೆ ಇನ್ನು ಯಾರೂ ಇಳಿಯುವುದಿಲ್ಲ. ಹೊಸ ವಿಮಾನದವರು ಆ ಹುಲ್ಲಿನ ಮೈದಾನ ನೋಡಿದರೆ ನಗುತ್ತಾರೆ. ನನ್ನ ಮಟ್ಟಿಗೂ ಮಾವ ಹೇಳಿದ್ದು ನಿಜ. ಮೂರು ಕಡೆ ಅರ್ಜಿ ಹಾಕಿದ್ದೆ, ನಿಮಗೆ ಹೇಳಿರಲಿಲ್ಲ. ಒಬ್ಬರು ಮಾತ್ರ ಉತ್ತರ ಬರೆದರು, ನಾನು ಹಾರಿಸುವ ವಿಮಾನವನ್ನು ಮ್ಯೂಸಿಯಮ್ಮಿನಲ್ಲಿ ನೋಡಿದ್ದಾರಂತೆ.

ಯೋಚನೆ ಮಾಡಿದ್ದೇನೆ. ನೀವು ಸಹಿ ಹಾಕಿ. ಇಲ್ಲಿ ಪ್ರತಿ ಬೆಳಿಗ್ಗೆ ನಾನು ಒಂದೊಂದು ಬೋಲ್ಟೂ ನೋಡುತ್ತೇನೆ. ಅಲ್ಲಿ ಮೌನಿ, ಇಲ್ಲಿ ನಾನು. ನಿಮ್ಮ ಬೆರಳು, ನಮ್ಮ ಕಣ್ಣು. ಒಂದು ವರ್ಷ ಹೇಗೋ ನಡೆಯುತ್ತದೆ. ಒಂದು ವರ್ಷದಲ್ಲಿ ಏನಾದರೂ ಆಗುತ್ತದೆ.

ಬರೆದು ಮುಗಿಸಿ ಓದಿಕೊಂಡೆ. ಪಕ್ಕಾ ಮಾವನ ಮಾತಿನ ಹಾಗೇ ಇದೆ. ಆದರೂ ಕಳಿಸುತ್ತಿದ್ದೇನೆ.

ನಿಮ್ಮ
ಪುಟ್ಟಿ


ಜೂನ್ 4, ಬುಧವಾರ

ಪುಟ್ಟೀ,

ನಿನ್ನ ಮಾತಿಗೆ ಒಪ್ಪಿಗೆ ಎಂದು ಬರೆಯಲು ಸೋಮವಾರವೇ ಕೂತಿದ್ದೆ. ರಟ್ಟು ಹೊಂದಿಸಿಕೊಂಡು ‘ಆಗಲಿ’ ಎಂದು ಬರೆದೂ ಆಗಿತ್ತು. ಮೌನಿ ಬಂದು ತೋಳು ಹಿಡಿದು ಎಬ್ಬಿಸಿದ. ದೊಡ್ಡವಳ ಬಾಲದ ಹತ್ತಿರ ಕರೆದುಕೊಂಡು ಹೋದ. ಒಳಗಿನ ಹಲಗೆ ಬಿಚ್ಚಿದ್ದ. ವರ್ಷಕ್ಕೊಮ್ಮೆ ಮಾತ್ರ ಬಿಚ್ಚುವ ಹಲಗೆ ಅದು. ಮೂಗು ಏರಿಸಿ ಇಳಿಸುವ ಸರಳಿನ ಕೀಲಿನ ಮೇಲೆ ನನ್ನ ಬೆರಳಿಟ್ಟ.

“ಯಾವ ಕಡೆ?” ಎಂದ.

ಉಲ್ಟಾ. ಅಂಗುಲಕ್ಕೆ ಎಂಟು, ತುದಿ ಒಳಕ್ಕೆ ಮಡಿಸಿದ್ದು. ಹೋದ ನವೆಂಬರಿನಲ್ಲಿ ನಾನು ಕಟ್ಟಿದ್ದು, ಕಾರ್ಡಿನಲ್ಲಿದೆ. ಏಳು ತಿಂಗಳು ಅದರ ಮೇಲೆ ನೀನು ಕೂತು ಹಾರಿದ್ದೀ, ಒಂದು ವಾರ ಬಿಟ್ಟು ಒಂದು ವಾರ. ನೀನು ಪ್ರತಿ ಬೆಳಿಗ್ಗೆ ನೂರು ಬೋಲ್ಟು ನೋಡಿದರೂ ಅದು ನಿನಗೆ ಕಾಣುತ್ತಿರಲಿಲ್ಲ. ಮೌನಿ ಕೂತು ಸರಿಯಾಗಿ ಕಟ್ಟಿದ. ಕಟ್ಟಿ ಮುಗಿಸಿ, ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿಲ್ಲ, “ಮೇಷ್ಟ್ರೇ, ಸಿಕ್ಕಿದ್ದು ಎರಡು. ಸಿಗದೇ ಇರೋದು ಎಷ್ಟು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ” ಎಂದ. ಎರಡೂ ವಿಮಾನವನ್ನು ಪೂರ್ತಿ ಬಿಚ್ಚಿ ನೋಡಲು ಐದು ತಿಂಗಳು ಬೇಕು. ನೋಡಿದ ಮೇಲೆ ಸಹಿಗೆ ಕಣ್ಣಿರುವ ಲೈಸೆನ್ಸು ಬೇಕು. ಅದು ಭೂಮಿಯ ಮೇಲೆ ಎಲ್ಲೂ ಇಲ್ಲ.

ಹಾಗಾಗಿ ಸಹಿ ಹಾಕುವುದಿಲ್ಲ. ನಿನ್ನೆ ಲೈಸೆನ್ಸಿನ ಪುಸ್ತಕವನ್ನು ಇಲಾಖೆಗೆ ಅಂಚೆಯಲ್ಲಿ ಹಾಕಿದೆ. ಮುಟ್ಟಲು ಎಂಟು ದಿನವಂತೆ, ಯಾರಾದರೂ ಒಡೆದು ನೋಡಲು ಇನ್ನೆಷ್ಟೋ. ನಿನ್ನ ಮಾವನಿಗೆ ಹೇಳಿದೆ. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. “ಆಯ್ತು ಭಾವ, ನೀವು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ” ಎಂದ. ನಾಳೆಯ ಟಿಕೆಟ್ಟುಗಳನ್ನು ಮಾತ್ರ ವಾಪಸು ಮಾಡುತ್ತಿಲ್ಲ ಎಂದು ಕೀಲಿಯಮ್ಮ ಹೇಳುತ್ತಾಳೆ. ದೊಡ್ಡವಳಿಗೆ ಇಂಧನ ತುಂಬಿಸಿದ್ದಾರೆ. ಕಾರ್ಡು ಅವನ ಕೋಣೆಗೆ ಹೋಗಿದೆ. ಕೋಣೆಗೆ ಬೀಗ, ಗುಡ್ಡದೂರಿಗೆ ಸಿಗುವ ಒಂದೇ ಫೋನೂ ಆ ಕೋಣೆ ಒಳಗೆ.

ಮೀಸೆ ಕ್ಯಾಪ್ಟನ್ನಿನ ಮನೆಗೆ ಹೋಗಿ ಬಾಲದ ವಿಷಯ ಎಲ್ಲ ಹೇಳಿದೆ. “ಮೌನಿ ಕಟ್ಟಿದ್ನಲ್ಲ, ಮತ್ತೇನು?” ಎಂದ. ನಾನು ಸಹಿ ಹಾಕಿಲ್ಲ ಎಂದೆ. “ಕಾರ್ಡಲ್ಲಿ ಸಹಿ ಇದ್ರೆ ಹಾರಿಸ್ತೀನಿ, ಇಲ್ದಿದ್ರೆ ಇಲ್ಲ. ಯಾರು ಹಾಕಿದ್ದು ಅಂತ ನೋಡೋದು ನನ್ನ ಕೆಲ್ಸ ಅಲ್ಲ ಮೇಷ್ಟ್ರೇ. ಮೂರು ಹೆಣ್ಮಕ್ಕಳು ನಂಗೆ.” ಟೀ ಕುಡಿದು ಹೋಗಿ ಎಂದ. ಕುಡಿದು ಬಂದೆ. ಇನ್ನೇನು ಮಾಡಲಿ, ರನ್‌ವೇಯ ಮೇಲೆ ಅಡ್ಡ ಮಲಗಲೇ? ಅದಕ್ಕೂ ನಿನ್ನ ಮೇಕೆಯಷ್ಟು ಧೈರ್ಯ ಬೇಕು.

ಚಿಕ್ಕವಳು ಈಗ ನಿನ್ನ ಹತ್ತಿರ ಇದ್ದಾಳೆ. ಹೋದ ಬುಧವಾರ ನಾನೇ ಸಹಿ ಹಾಕಿ ಕಳಿಸಿದ್ದು. ಏಳು ದಿನದ ಕಾರ್ಡು, ನಾಳೆಗೆ ಮುಗಿಯುತ್ತದೆ. ಇವತ್ತು ಬೆಳಿಗ್ಗೆ ನೀನು ಅವಳನ್ನು ಹಾರಿಸಿರುತ್ತೀ. ಈ ಹೊತ್ತಿಗೆ ಇಳಿದಿರುತ್ತೀ ಎಂದುಕೊಂಡು ಬರೆಯುತ್ತಿದ್ದೇನೆ.

ಈಗ ಹೇಳುವುದನ್ನು ಎರಡು ಸಲ ಓದು. ಈ ಪತ್ರವನ್ನು ಎಂದಿನ ಹಾಗೆ ದೊಡ್ಡವಳ ಸೀಟಿನ ಹಿಂದಿನ ಚೀಲದಲ್ಲಿ ಇಡುತ್ತೇನೆ. ಅವಳು ಇಲ್ಲೇ ನಿಂತರೆ ಇದೂ ಇಲ್ಲೇ ಇರುತ್ತದೆ, ನೀನು ಇದನ್ನು ಎಂದೂ ಓದುವುದಿಲ್ಲ. ನಾಳೆ ಮಧ್ಯಾಹ್ನ ವಿಮಾನ ಬರಲಿಲ್ಲ, ಪತ್ರವೂ ಬರಲಿಲ್ಲ ಎಂದು ಅಪ್ಪನನ್ನು ಬೈದುಕೊಳ್ಳುತ್ತೀ. ಬೈದುಕೋ. ಅದಕ್ಕಿಂತ ದೊಡ್ಡ ಭಾಗ್ಯ ನನಗೆ ಬೇಡ. ಆದರೆ ಇದು ನಿನ್ನ ಕೈಯಲ್ಲಿದ್ದರೆ, ಕಾರ್ಡಿನ ಮೇಲೆ ನನ್ನ ಸಹಿಯ ಹಾಗೇ ಕಾಣುವ ಸಹಿ ಇರುತ್ತದೆ. ಚೆನ್ನಾಗಿಯೇ ಇರುತ್ತದೆ, ಈಚೆಗೆ ನಾನು ಹಾಕುತ್ತಿದ್ದುದಕ್ಕಿಂತ ನೆಟ್ಟಗೆ. ಅದು ನನ್ನದಲ್ಲ. ಹತ್ತಬೇಡ. ಬೆಂಚಿನ ಮೇಲೆ ಎಷ್ಟು ಜನ ಕೂತಿದ್ದರೂ, ಕಣಿವೆಯಲ್ಲಿ ಯಾರ ಏನು ಮುರಿದಿದ್ದರೂ ಹತ್ತಬೇಡ. ಹೀಗೆ ಹೇಳಲು ನನಗೆ ನಾಚಿಕೆಯಾಗುತ್ತದೆ. ಆ ಕುಂಬಳಕಾಯಿಯವಳ ಮುಂದೆ ನಾನು ಈ ಮಾತು ಆಡಲಾರೆ. ನಿನಗೆ ಬರೆಯಬಲ್ಲೆ, ಅಷ್ಟೇ.

ಪತ್ರಿಕೆಯವನಿಗೆ ಹೇಳಿದ ಮಾತು ಇನ್ನೂ ಕೌಂಟರಿನ ಮೇಲೆ ಗಾಜಿನೊಳಗೆ ತೂಗುತ್ತಿದೆ. ಇಳಿಸಿ ಎಂದೆ, ಏಣಿ ಇಲ್ಲ ಎಂದರು.

ಕೀಲಿಯಮ್ಮ ದೀಪ ಹಾಕಲಾ ಎಂದು ಕೇಳುತ್ತಿದ್ದಾಳೆ. ಆಗಲೇ ಹೊತ್ತಾಯಿತೇ ಎಂದೆ. “ಕತ್ತಲಾಗ್ತಾ ಬಂತು ಮೇಷ್ಟ್ರೇ” ಎಂದಳು. ನಾನು ಕಿಟಕಿಯ ಪಕ್ಕದ ಗೋಡೆಯನ್ನು ನೋಡಿದೆ, ಕಿಟಕಿ ಕಾಣಲೆಂದು. ಹೌದು, ಬೆಳಕು ಹೋಗುತ್ತಿದೆ. ಚೀಲದ ತನಕ ಅವಳು ಕೈ ಹಿಡಿದುಕೊಂಡು ಬರುತ್ತಾಳಂತೆ.

ಇಂತಿ,
ಈ ಪತ್ರ ನಿನಗೆ ತಲುಪದಿರಲಿ ಎಂದು ಹಾರೈಸುವ
ಅಪ್ಪ